ಕ್ಯಾರವಾನ್ ಟ್ರೇಲರ್‌ನ ಮೊದಲ ಪರೀಕ್ಷಾರ್ಥ ಸಂಚಾರ: ಮಾಗಡಿ ರಸ್ತೆಯ ದುರಸ್ತಿ ದಾಖಲೆ

ಬೆಂಗಳೂರು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಹೇಳಿ ಕಟ್ಟಿಸಿದ ನಮ್ಮ ಕ್ಯಾರವಾನ್ ಟ್ರೇಲರ್ ಚಿತ್ತೆ ಮಳೆ ಹಿಡಿಯುವ ಹೊತ್ತಿಗೆ ಕೈಗೆ ಬಂತು. ಒಂದೇ ಆಕ್ಸೆಲ್, ಪಟ್ಟಾ ಸ್ಪ್ರಿಂಗ್, ಕಬ್ಬಿಣದ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಹಾಳೆ, ಒಳಗೆ ಪ್ಲೈವುಡ್, ಉದ್ದ 4.2 ಮೀಟರ್, ಅಗಲ 1.9 ಮೀಟರ್. ಒಳಗಡೆ ಇಬ್ಬರು ದೊಡ್ಡವರೂ ಒಂದು ಮಗುವೂ ಮಲಗುವಷ್ಟು ಜಾಗ, ಎರಡು ಬರ್ನರಿನ ಗ್ಯಾಸ್ ಒಲೆ, 12 ವೋಲ್ಟಿನ ಫ್ರಿಜ್ಜು, 40 ಲೀಟರಿನ ನೀರಿನ ಟ್ಯಾಂಕು, 100 ಆಂಪಿಯರ್-ಅವರ್ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಚಾವಣಿಯ ಮೇಲೆ 200 ವಾಟ್‌ನ ಸೋಲಾರ್ ಪ್ಯಾನೆಲ್ ಇವೆ. ಎಳೆಯುವುದಕ್ಕೆ ಮನೆಯ ಹಳೆಯ ಡೀಸೆಲ್ ಸ್ಕಾರ್ಪಿಯೊ. 1988ರ ಮೋಟಾರು ವಾಹನ ಕಾಯ್ದೆಯಡಿ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಆ ಕಾಗದಪತ್ರದ ಕೆಲಸ ಮುಗಿದ ಮೇಲೆ ನಡೆದ ಮೊದಲ ಪರೀಕ್ಷಾರ್ಥ ಸಂಚಾರ ಮತ್ತು ಅದರಿಂದ ಹೊರಬಿದ್ದ ದುರಸ್ತಿಗಳ ವಿವರ ಇಲ್ಲಿದೆ.

ಹೊಸ ಗಾಡಿ ಬಂದೊಡನೆ ಸಕಲೇಶಪುರಕ್ಕೋ ಮಡಿಕೇರಿಗೋ ಹೋಗಬೇಕೆಂಬ ಆಸೆ ಮನೆಯವರಿಗೆಲ್ಲ ಇತ್ತು, ಅದು ಸಹಜವೂ ಹೌದು. ಆದರೂ ಮೊದಲ ಸಲವೇ ಘಟ್ಟದ ದಾರಿ ಬೇಡವೆಂದು ನಾನು ಪಟ್ಟು ಹಿಡಿದೆ. ಶೆಡ್ಡಿನಲ್ಲಿ ನಿಂತಾಗ ಟ್ರೇಲರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅದರ ನಟ್ಟುಗಳು, ವೈರಿನ ಜೋಡಣೆಗಳು, ಅಂಟುಗಳು ತಮ್ಮ ನಿಜಸ್ಥಿತಿಯನ್ನು ತೋರಿಸುವುದು ಹತ್ತಾರು ಕಿಲೋಮೀಟರ್ ಕುಲುಕಾಡಿದ ಮೇಲೆ, ಒಂದು ರಾತ್ರಿ ಜನ ಮಲಗೆದ್ದ ಮೇಲೆ, ಒಂದು ಜೋರು ಮಳೆ ಬಿದ್ದ ಮೇಲೆ. ಆ ಹೊತ್ತಿಗೆ ಮನೆಯೂ ಮೆಕ್ಯಾನಿಕ್ಕೂ ಹತ್ತಿರದಲ್ಲಿರಬೇಕು. ಮಾಗಡಿ ತಾಲ್ಲೂಕಿನಲ್ಲಿ, ಸಾವನದುರ್ಗದ ತಪ್ಪಲಿಗೆ ಸಮೀಪದಲ್ಲಿ ನನ್ನ ಹೆಂಡತಿಯ ಅಣ್ಣನ ಮಾವಿನ ತೋಪಿದೆ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಿಂದ ಐವತ್ತು ಚಿಲ್ಲರೆ ಕಿಲೋಮೀಟರ್; ದಾರಿಯಲ್ಲಿ ಒಳ್ಳೆಯ ಡಾಂಬರೂ ಇದೆ, ಹಂಪುಗಳೂ ಇವೆ, ಕೊನೆಯಲ್ಲಿ ಕಲ್ಲುಮಣ್ಣಿನ ಬಂಡಿಜಾಡೂ ಇದೆ. ತೋಪಿನಲ್ಲಿ ಬೋರ್‌ವೆಲ್ ನಲ್ಲಿ ಇದೆ, ಮಾಗಡಿ ಪೇಟೆ ಸನಿಹದಲ್ಲಿದೆ. ಸಾವನದುರ್ಗದ ಸುತ್ತಲಿನದು ಕಾಯ್ದಿಟ್ಟ ಅರಣ್ಯವಾದ್ದರಿಂದ, ಚಿರತೆ ಓಡಾಡುವ ಆ ಕಾಡಿನಂಚಿನಲ್ಲಿ ಇಲಾಖೆಯ ಅನುಮತಿಯಿಲ್ಲದೆ ಗಾಡಿ ನಿಲ್ಲಿಸಿ ತಂಗುವುದು ಸರಿಯಲ್ಲ. ಸ್ವಂತದವರ ತೋಪು ಇದ್ದದ್ದು ಈ ದೃಷ್ಟಿಯಿಂದಲೂ ಅನುಕೂಲವಾಯಿತು.

ಹೊರಡುವ ಮೊದಲೇ ಒಂದು ನಿಯಮ ಮಾಡಿಕೊಂಡೆವು. ಗಾಡಿಯ ಓಡುವ ಭಾಗದಲ್ಲಿ, ಗ್ಯಾಸಿನಲ್ಲಿ ಅಥವಾ ಬಿಸಿಯಾಗುವ ವಿದ್ಯುತ್ ಜೋಡಣೆಯಲ್ಲಿ ಏನೇ ದೋಷ ಕಂಡರೂ ಅಲ್ಲೇ ನಿಂತು ಸರಿಪಡಿಸಬೇಕು. ಮಿಕ್ಕದ್ದನ್ನು ಅಳೆದು, ಬರೆದುಕೊಂಡು, ಮನೆಗೆ ಬಂದ ಮೇಲೆ ಮುಟ್ಟಬೇಕು. ತೋಪಿನಲ್ಲಿ ಕುಳಿತು ಅವಸರದಲ್ಲಿ ಬಳಿದ ಒಂದು ಟ್ಯೂಬ್ ಸಿಲಿಕೋನ್ ಸೋರಿಕೆಯನ್ನು ನಿಲ್ಲಿಸದಿದ್ದರೂ ಅದರ ಜಾಡನ್ನು ಮಾತ್ರ ಖಂಡಿತ ಅಳಿಸಿಹಾಕುತ್ತದೆ.

ಮೊದಲ ಕೆಲಸ ತೂಕ. ನೀರು ತುಂಬಿ, ಸಾಮಾನೆಲ್ಲ ಇಟ್ಟು, ಪೀಣ್ಯದ ವೇ ಬ್ರಿಡ್ಜಿನ ಮೇಲೆ ಟ್ರೇಲರನ್ನು ಬಿಡಿಸಿ ನಿಲ್ಲಿಸಿದಾಗ 780 ಕಿಲೋ ಬಂತು. ಆದರೆ ಟ್ರೇಲರ್ ನೆಟ್ಟಗೆ ಓಡುವುದೋ ಹಾವಿನಂತೆ ಹೊರಳುವುದೋ ಎಂಬುದನ್ನು ತೀರ್ಮಾನಿಸುವುದು ಅದರ ಮೂತಿಯ ಭಾರ, ಅಂದರೆ ಟ್ರೇಲರಿನ ಮುಂತುದಿಯ ಹಿಡಿಕೆಯಾದ ಕಪ್ಲರ್, ಕಾರಿನ ಹಿಂದಿರುವ ಕಬ್ಬಿಣದ ಗುಂಡಾದ ಟೋ ಬಾಲಿನ ಮೇಲೆ ಒತ್ತುವ ತೂಕ. ಭಾರ ಆಕ್ಸೆಲ್ಲಿನ ಹಿಂದಕ್ಕೆ ಸರಿದಷ್ಟೂ ಓಲಾಟ ಹೆಚ್ಚುತ್ತದೆ, ವೇಗ ಏರಿದಂತೆ ಅದು ಕೈಮೀರುತ್ತದೆ. ಅಮೆರಿಕದವರು ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂತಿಯ ಮೇಲಿರಲಿ ಎನ್ನುತ್ತಾರೆ. ಯುರೋಪಿನವರು ಇದಕ್ಕಿಂತ ಕಡಿಮೆಗೆ, ಶೇ. 5ರಿಂದ 7ಕ್ಕೆ ಒಪ್ಪುತ್ತಾರೆ. ನಮ್ಮ ರಸ್ತೆಗಳ ಹಂಪು, ಪಕ್ಕದಲ್ಲೇ ರಭಸದಿಂದ ಹಾಯುವ ಬಸ್ಸು ಲಾರಿಗಳನ್ನು ನೆನೆದು ನಾನು ಶೇ. 10ರ ಆಸುಪಾಸನ್ನು ಗುರಿಯಾಗಿಟ್ಟುಕೊಂಡೆ. ಮನೆಯಲ್ಲಿ ಮೈತೂಕ ನೋಡುವ ಸ್ಕೇಲಿನ ಮೇಲೆ ಗಟ್ಟಿ ಮರದ ತುಂಡೊಂದನ್ನು ನಿಲ್ಲಿಸಿ, ಟೋ ಬಾಲಿನ ಎತ್ತರಕ್ಕೇ ಬರುವಂತೆ ಕಪ್ಲರನ್ನು ಅದರ ಮೇಲೆ ಇಳಿಸಿದರೆ ಮೂತಿಯ ಭಾರ ನೇರವಾಗಿ ತಿಳಿಯುತ್ತದೆ. ಬಂದದ್ದು 38 ಕಿಲೋ ಮಾತ್ರ, ಶೇ. 5ಕ್ಕೂ ಒಂದು ಕೂದಲು ಕಡಿಮೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಟೂಲ್ ಬಾಕ್ಸಿಗೆಂದು ಕಟ್ಟಿದವರು ಗೂಡು ಮಾಡಿದ್ದು ಹಿಂಬದಿಯಲ್ಲಿ, ಆಕ್ಸೆಲ್ಲಿನಿಂದ 1.4 ಮೀಟರ್ ಹಿಂದೆ; ನೀರಿನ ಟ್ಯಾಂಕೂ ಆಕ್ಸೆಲ್ಲಿನ ಹಿಂದೆ 0.9 ಮೀಟರ್ ದೂರದಲ್ಲಿತ್ತು. ಆಕ್ಸೆಲ್ಲಿನಿಂದ ಕಪ್ಲರಿಗೆ 2.9 ಮೀಟರ್. 30 ಕಿಲೋದ ಟೂಲ್ ಬಾಕ್ಸನ್ನು ಆಕ್ಸೆಲ್ಲಿನ ಮುಂದಕ್ಕೆ 0.6 ಮೀಟರಿಗೆ ತಂದರೆ ಅದು ಒಟ್ಟು 2 ಮೀಟರ್ ಮುಂದೆ ಸರಿದಂತಾಯಿತು; 30ನ್ನು 2ರಿಂದ ಗುಣಿಸಿ 2.9ರಿಂದ ಭಾಗಿಸಿದರೆ ಮೂತಿಗೆ ಸುಮಾರು 20 ಕಿಲೋ ಸೇರುತ್ತದೆ. ಟ್ಯಾಂಕನ್ನು ಖಾಲಿ ಮಾಡಿದರೆ ಇದೇ ಲೆಕ್ಕದಲ್ಲಿ ಇನ್ನೂ 12 ಕಿಲೋ. ಹಾಗೆ ಮಾಡಿ ಮತ್ತೆ ಸ್ಕೇಲಿನ ಮೇಲೆ ಇಳಿಸಿದಾಗ 70 ಕಿಲೋ ತೋರಿಸಿತು. ನೀರಿಲ್ಲದ ಟ್ರೇಲರಿನ 740 ಕಿಲೋಗೆ ಅದು ಶೇ. 9.5ರಷ್ಟಾಯಿತು. ಅಂದಿನಿಂದ ನೀರನ್ನು ತಲುಪಿದ ಜಾಗದಲ್ಲೇ ತುಂಬುವುದು ನಮ್ಮ ರೂಢಿಯಾಗಿದೆ.

ದೀಪಗಳ ಪರೀಕ್ಷೆಯನ್ನು ಕತ್ತಲಾದ ಮೇಲೆ ಮಾಡಿದ್ದು ಒಳ್ಳೆಯದಾಯಿತು. ಬ್ರೇಕ್ ತುಳಿದಾಗ ಕೆಂಪು ದೀಪ ಉರಿಯುತ್ತಿತ್ತು, ಇಂಡಿಕೇಟರ್ ಹಾಕಿದಾಗ ಅದೂ ಮಿನುಗುತ್ತಿತ್ತು; ಎರಡನ್ನೂ ಒಟ್ಟಿಗೆ ಹಾಕಿದರೆ ಮಾತ್ರ ಹಿಂದಿನ ಎಲ್ಲ ದೀಪಗಳೂ ಇಂಡಿಕೇಟರಿನ ತಾಳಕ್ಕೆ ಮಂಕಾಗಿ ಹೊಯ್ದಾಡುತ್ತಿದ್ದವು. ಬೇರೆ ಬೇರೆ ದೀಪಗಳು ಒಂದನ್ನೊಂದು ಅನುಸರಿಸುತ್ತಿವೆ ಎಂದರೆ ಮೊದಲು ಅನುಮಾನಿಸಬೇಕಾದದ್ದು ಅರ್ತ್. ವಾಪಸು ಹೋಗಲು ಸರಿಯಾದ ದಾರಿಯಿಲ್ಲದ ಕರೆಂಟು ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿರುತ್ತದೆ. ಏಳು ಪಿನ್ನಿನ ಸಾಕೆಟ್ಟಿನಲ್ಲಿ 3ನೇ ಪಿನ್ನು, ಬಿಳಿ ವೈರು, ಅರ್ತಿನದು. ಅದನ್ನು ತಂದು ಚಾಸಿಗೆ ಬೋಲ್ಟ್ ಮಾಡಿದ್ದರು, ಆದರೆ ಬೋಲ್ಟ್ ಕೂತಿದ್ದು ಪೌಡರ್ ಕೋಟಿಂಗಿನ ಮೇಲೆ. ಬಣ್ಣವನ್ನು ಹೊಳೆಯುವ ಕಬ್ಬಿಣ ಕಾಣುವ ತನಕ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಅಷ್ಟಕ್ಕೇ ಬಿಡದೆ ಎರಡೂ ಟೈಲ್ ಲ್ಯಾಂಪುಗಳಿಗೆ 2.5 ಚದರ ಮಿ.ಮೀ.ನ ಪ್ರತ್ಯೇಕ ಅರ್ತ್ ವೈರು ಎಳೆದೆ. ಚಾಸಿಯನ್ನೇ ವೈರಿನಂತೆ ನಂಬಿಕೊಂಡರೆ ಮಳೆಗಾಲಕ್ಕೊಮ್ಮೆ ಇದೇ ಕೆಲಸ ಮಾಡಬೇಕಾಗುತ್ತದೆ.

ಬೆಳಗಿನ ಜಾವ ವಾಹನ ದಟ್ಟಣೆ ಶುರುವಾಗುವ ಮುನ್ನವೇ ಹೊರಟೆವು. ಕಪ್ಲರ್ ಕೂತಿದೆಯೇ ಎಂದು ನೋಡಲು ಒಂದು ನಂಬಿಕಸ್ಥ ವಿಧಾನವಿದೆ: ಲಾಕ್ ಬಿದ್ದ ಮೇಲೆ, ಮೂತಿಯಡಿಯ ಏರಿಳಿಸುವ ಪುಟ್ಟ ಚಕ್ರವಾದ ಜಾಕಿ ವೀಲನ್ನು ತಿರುಗಿಸಿ ಮೂತಿಯನ್ನು ಮೇಲೆತ್ತಲು ನೋಡಬೇಕು. ಕಾರಿನ ಹಿಂಭಾಗವೂ ಅದರೊಡನೆ ಏಳತೊಡಗಿದರೆ ಲಾಕ್ ಹಿಡಿದಿದೆ, ಕಪ್ಲರ್ ಒಂದೇ ಎದ್ದು ಬಂದರೆ ಹಿಡಿದಿಲ್ಲ. ಎರಡು ಚೈನುಗಳನ್ನು ಕಪ್ಲರಿನ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಸಿಕ್ಕಿಸಬೇಕು. ಅಕಸ್ಮಾತ್ ಕಪ್ಲರ್ ಕಳಚಿದರೆ ಮೂತಿ ನೆಲಕ್ಕೆ ಬಡಿಯದೆ ಚೈನಿನ ತೊಟ್ಟಿಲಿಗೆ ಬೀಳುತ್ತದೆ.

ಸುಮನಹಳ್ಳಿ, ಸುಂಕದಕಟ್ಟೆ ದಾಟಿ, ನೈಸ್ ರಸ್ತೆಯ ಆಚೆಗೆ ಹೋದ ಮೇಲೆ ರಸ್ತೆ ಬಿಡುವಾಯಿತು. ಗಂಟೆಗೆ 60 ಕಿ.ಮೀ. ಮೀರದಂತೆ ಓಡಿಸಿದೆ. ಎದುರಿನಿಂದ ಬಸ್ಸು ಬಂದಾಗ ಟ್ರೇಲರನ್ನು ಗಾಳಿ ಒಂದು ಸಲ ನೂಕುವುದು ಸ್ಟಿಯರಿಂಗಿಗೆ ತಿಳಿಯುತ್ತಿತ್ತು, ಆದರೆ ಅದು ಮರುಕ್ಷಣವೇ ತಾನಾಗಿ ನೆಟ್ಟಗಾಗುತ್ತಿತ್ತು. ಮೂತಿಯ ಭಾರ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ತಾವರೆಕೆರೆಯ ಬಳಿ ಅಂಚಿಗೆ ನಿಲ್ಲಿಸಿ ಟಾರ್ಕ್ ರೆಂಚ್ ತೆಗೆದೆ. ಹೊಸ ಚಕ್ರಗಳ ನಟ್ಟುಗಳನ್ನು ಮೊದಲ ಐವತ್ತರಿಂದ ಎಂಬತ್ತು ಕಿಲೋಮೀಟರಿನೊಳಗೆ ಮತ್ತೊಮ್ಮೆ ಬಿಗಿಯಲೇಬೇಕು, ಏಕೆಂದರೆ ನಟ್ಟು ಕೂರುವ ಬಾಯಿಯಲ್ಲಿರುವ ಹೊಸ ಬಣ್ಣ ಓಡಾಟದಲ್ಲಿ ಅಮುಕಿ ತೆಳುವಾಗುತ್ತದೆ, ನಟ್ಟು ತಿರುಗದಿದ್ದರೂ ಅದರ ಬಿಗಿ ಇಳಿಯುತ್ತದೆ. ರೆಂಚನ್ನು 100 ನ್ಯೂಟನ್ ಮೀಟರಿಗೆ ಇಟ್ಟು ನೋಡಿದಾಗ ಎಡ ಚಕ್ರದ ನಟ್ಟುಗಳೆಲ್ಲ ಕ್ಲಿಕ್ ಎನ್ನುವ ಮೊದಲು ಸ್ವಲ್ಪ ಸ್ವಲ್ಪ ತಿರುಗಿದವು, ಬಲಗಡೆಯವು ಅಲ್ಲಾಡಲಿಲ್ಲ. ಮಾಗಡಿಯಲ್ಲಿ ಮತ್ತೆ ನೋಡಿದಾಗ ಎರಡೂ ಕಡೆ ಭದ್ರವಾಗಿದ್ದವು.

ನಿಜವಾದ ಚಿಂತೆ ಹುಟ್ಟಿಸಿದ್ದು ಬಲಗಡೆಯ ಹಬ್ಬು, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ. ನಟ್ಟಿನ ಕೆಲಸ ಮಾಡುವಾಗಲೇ ಆ ಚಕ್ರದಿಂದ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಇಂತಹ ಸಂದರ್ಭದಲ್ಲಿ ಬಿಸಿ ಬೇರಿಂಗಿನದೋ ಬ್ರೇಕಿನದೋ ಎಂಬುದನ್ನು ಮೊದಲು ಬೇರೆ ಮಾಡಿಕೊಳ್ಳಬೇಕು, ಏಕೆಂದರೆ ಒಂದು ಚಕ್ರವನ್ನೇ ಕಳಚಿಹಾಕಬಲ್ಲದು, ಇನ್ನೊಂದನ್ನು ರಸ್ತೆ ಬದಿಯಲ್ಲೇ ಸಡಿಲಿಸಬಹುದು. ಇನ್‌ಫ್ರಾರೆಡ್ ಥರ್ಮಾಮೀಟರ್ ಜೊತೆಯಲ್ಲಿತ್ತು. ಹೊಳೆಯುವ ಲೋಹದ ಮೇಲೆ ಅದು ತಪ್ಪು ಅಂಕಿ ಕೊಡುತ್ತದೆಂದು ಹಬ್ಬಿನ ಮುಚ್ಚಳಕ್ಕೂ ಬ್ರೇಕ್ ಡ್ರಮ್ಮಿನ ಅಂಚಿಗೂ ಕಪ್ಪು ಇನ್ಸುಲೇಷನ್ ಟೇಪಿನ ಚೂರುಗಳನ್ನು ಅಂಟಿಸಿ ನೋಡಿದೆ. ಎಡಗಡೆ ಮುಚ್ಚಳ 41 ಡಿಗ್ರಿ, ಡ್ರಮ್ಮು 46. ಬಲಗಡೆ ಮುಚ್ಚಳ 45, ಡ್ರಮ್ಮು 83. ಬೇರಿಂಗ್ ಕೆಟ್ಟಿದ್ದರೆ ನಡುವಿನ ಮುಚ್ಚಳವೇ ಹೆಚ್ಚು ಕಾದಿರಬೇಕಿತ್ತು. ಇಲ್ಲಿ ಅಂಚು ಕಾದಿತ್ತು, ಅಂದರೆ ಬ್ರೇಕ್ ಶೂ ಡ್ರಮ್ಮನ್ನು ಬಿಡದೆ ಸವರುತ್ತಿತ್ತು. ಜಾಕ್ ಏರಿಸಿ ಚಕ್ರವನ್ನು ಕೈಯಿಂದ ತಿರುಗಿಸಿದಾಗ ಪ್ರತಿ ಸಲವೂ ಸರ್ ಎಂಬ ಸದ್ದು ಕೇಳಿ ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು.

ನಮ್ಮದು ಒತ್ತಡದಿಂದ ಕೆಲಸ ಮಾಡುವ ಬ್ರೇಕು. ಕಾರು ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ನುಗ್ಗಿ ಕಪ್ಲರಿನ ದಂಡವನ್ನು ಒಳಕ್ಕೆ ತಳ್ಳುತ್ತದೆ, ಆ ದಂಡ ಚಾಸಿಯಡಿಯ ಸರಳನ್ನೂ ಕೇಬಲ್ಲುಗಳನ್ನೂ ಎಳೆದು ಚಕ್ರಗಳ ಬ್ರೇಕನ್ನು ಹಿಡಿಸುತ್ತದೆ. ಇದನ್ನು ಹೊಂದಿಸುವಾಗ ಕ್ರಮ ಬಹಳ ಮುಖ್ಯ: ಮೊದಲು ಡ್ರಮ್ಮಿನೊಳಗಿನ ಶೂಗಳನ್ನು ಹೊಂದಿಸಿ, ಆಮೇಲೆ ಕೇಬಲ್ಲಿನ ಸಡಿಲವನ್ನು ತೆಗೆಯಬೇಕು. ಶೆಡ್ಡಿನಲ್ಲಿ ಇದು ತಿರುಗುಮುರುಗಾಗಿತ್ತು. ಶೂ ದೂರವಿದ್ದದ್ದನ್ನು ಕೇಬಲ್ ಎಳೆದು ಸರಿದೂಗಿಸಿದ್ದರು, ಹಾಗಾಗಿ ಬಲ ಕೇಬಲ್ಲು ಕೈಬಿಟ್ಟ ಮೇಲೂ ಬಿಗಿಯಾಗಿಯೇ ಇತ್ತು. ರಸ್ತೆ ಬದಿಯಲ್ಲಿ ಕೇಬಲ್ಲಿನ ಲಾಕ್ ನಟ್ಟು ಬಿಚ್ಚಿ, ಚಕ್ರ ಸದ್ದಿಲ್ಲದೆ ಸರಾಗವಾಗಿ ತಿರುಗುವಷ್ಟು ಸಡಿಲಿಸಿ, ಮತ್ತೆ ಲಾಕ್ ಮಾಡಿದೆ. ಮಾಗಡಿಯಲ್ಲಿ ಅದೇ ಟೇಪಿನ ಮೇಲೆ ಡ್ರಮ್ಮು 50 ಡಿಗ್ರಿ ತೋರಿಸಿತು.

ತೋಪಿನ ಬಾಯಲ್ಲಿ ಭಾವ ಕಾಯುತ್ತಿದ್ದರು. "ಏನ್ ಭಾವ, ಮನೇನೇ ಎಳ್ಕೊಂಡ್ ಬಂದ್ಬಿಟ್ರಾ?" ಎಂದು ನಗುತ್ತಲೇ ಅಡ್ಡ ಬಿದ್ದಿದ್ದ ಮಾವಿನ ಕೊಂಬೆಗಳನ್ನು ಸರಿಸಿಕೊಟ್ಟರು. ಅಲ್ಲಿಂದ ಮುಂದಕ್ಕೆ ಹಿಮ್ಮುಖವಾಗಿಯೇ ಹೋಗಬೇಕಿತ್ತು. ಟ್ರೇಲರನ್ನು ರಿವರ್ಸ್ ಮಾಡುವಾಗ ಕೈಯನ್ನು ಸ್ಟಿಯರಿಂಗಿನ ಕೆಳಭಾಗದಲ್ಲಿ ಇಟ್ಟುಕೊಂಡರೆ ಗೊಂದಲವಿಲ್ಲ. ಟ್ರೇಲರಿನ ಬೆನ್ನು ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿದರಾಯಿತು. ಗಿಡ್ಡ ಟ್ರೇಲರ್ ಬೇಗ ಮಡಚಿಕೊಳ್ಳುವುದರಿಂದ ಕೈ ಬಹಳ ಕಡಿಮೆ ಸರಿಯಬೇಕು. ಒತ್ತಡದ ಬ್ರೇಕಿನ ಗಾಡಿಯನ್ನು ಏರಿನಲ್ಲಿ ಹಿಂದಕ್ಕೆ ತಳ್ಳಿದರೆ ಅದು ನಿಲ್ಲಿಸುತ್ತಿದ್ದಾರೆಂದೇ ತಿಳಿದು ಬ್ರೇಕ್ ಹಿಡಿಯುತ್ತದೆ, ಆದ್ದರಿಂದ ಕಪ್ಲರಿನ ರಿವರ್ಸ್ ಲಾಕನ್ನು ಹಾಕಿಕೊಳ್ಳಬೇಕು, ಮುಂದಕ್ಕೆ ಹೊರಡುವಾಗ ನೆನಪಿಟ್ಟು ತೆಗೆಯಬೇಕು.

ನಿಲ್ಲಿಸಿದ ಮೇಲೆ ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಗಾರೆ ಕೆಲಸದವರ ರಸಮಟ್ಟವನ್ನು ಟ್ರೇಲರಿನ ಒಳನೆಲದ ಮೇಲಿಟ್ಟು ನೋಡಿದೆ. ಅಡ್ಡಮಟ್ಟವನ್ನು ಮೊದಲು ತಗ್ಗಿನ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ ಸರಿಮಾಡಬೇಕು, ಉದ್ದಮಟ್ಟವನ್ನು ಆಮೇಲೆ ಜಾಕಿ ವೀಲಿನಿಂದ. ನಾಲ್ಕು ಮೂಲೆಯ ಕಾಲುಗಳು ಅಲುಗಾಟ ತಡೆಯುವುದಕ್ಕಷ್ಟೇ ಇರುವಂಥವು. ಅವುಗಳಿಂದ ಗಾಡಿಯನ್ನು ಎತ್ತಲು ಹೋದರೆ ಚೌಕಟ್ಟು ತಿರುಚಿಕೊಂಡು ಬಾಗಿಲು ಹಾಕಲಾಗದು.

ಒಲೆ ಹಚ್ಚುವ ಮುನ್ನ ಗ್ಯಾಸಿನ ಪರೀಕ್ಷೆ ಆಯಿತು. 5 ಕಿಲೋದ ಸಿಲಿಂಡರಿಗೆ ಹೊರಗಿನಿಂದ ಮಾತ್ರ ತೆರೆಯುವ ಪೆಟ್ಟಿಗೆಯಿದೆ, ಅದು ವಾಸದ ಭಾಗದಿಂದ ಪೂರ್ತಿ ಮುಚ್ಚಿಕೊಂಡಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಶೇಖರವಾಗುತ್ತದೆ. ಅದಕ್ಕಾಗಿಯೇ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ರಂಧ್ರ ಇರಬೇಕು. ನಮ್ಮ ಪೆಟ್ಟಿಗೆಗೆ ರಂಧ್ರ ಕೊರೆದಿದ್ದರು, ಆದರೆ ಚಾಸಿಯಡಿ ಸಿಂಪಡಿಸಿದ ಕಪ್ಪು ಅಂಡರ್‌ಕೋಟ್ ಅದರ ಜಾಲರಿಯನ್ನು ಮುಚ್ಚಿಬಿಟ್ಟಿತ್ತು. ಅದನ್ನು ಚುಚ್ಚಿ ಕೆರೆದು ಬಿಡಿಸಿ, ನೀರು ಸುರಿದು ಸರಾಗ ಇಳಿಯುವುದನ್ನು ಖಚಿತಪಡಿಸಿಕೊಂಡೆ. ಸೋಪಿನ ನೊರೆಯನ್ನು ರೆಗ್ಯುಲೇಟರಿನಿಂದ ಒಲೆಯವರೆಗೆ ಪ್ರತಿ ಜೋಡಣೆಗೂ ಬ್ರಷ್ಷಿನಲ್ಲಿ ಹಚ್ಚಿದಾಗ ಒಲೆಯ ಹಿಂದಿನ ನಟ್ಟಿನಲ್ಲಿ ಸಾಸಿವೆಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಸಿಲಿಂಡರ್ ಮುಚ್ಚಿ, ನಟ್ಟನ್ನು ಕಾಲು ಸುತ್ತು ಬಿಗಿದು, ಮತ್ತೆ ನೊರೆ ಹಚ್ಚಿ, ಗುಳ್ಳೆ ನಿಂತ ಮೇಲೆಯೇ ಒಲೆ ಹಚ್ಚಿದ್ದು. ಅಡುಗೆಯ ಹೊತ್ತಿನಲ್ಲಿ ಒಂದು ಕಿಟಕಿಯೂ ಚಾವಣಿಯ ಗಾಳಿಕಿಂಡಿಯೂ ತೆರೆದೇ ಇರಬೇಕು. ಚಳಿಗೆಂದು ಒಲೆಯನ್ನು ಉರಿಯಬಿಟ್ಟು ಮಲಗುವುದು ಪ್ರಾಣಕ್ಕೆ ಅಪಾಯ, ಅದರಲ್ಲಿ ಯಾವ ರಾಜಿಯೂ ಬೇಡ.

ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜು ತಕರಾರು ತೆಗೆಯಿತು. ಕಂಪ್ರೆಸರ್ ಶುರುವಾಗಲು ಹೋಗಿ, ಎರಡು ಕ್ಷಣ ಗುಂಯ್ಗುಟ್ಟಿ, ಬ್ಯಾಟರಿ ಕಡಿಮೆಯೆಂಬ ಸೂಚನೆ ತೋರಿಸಿ ನಿಲ್ಲುತ್ತಿತ್ತು. ಬ್ಯಾಟರಿಯಂತೂ ಹೆಚ್ಚುಕಡಿಮೆ ತುಂಬಿಯೇ ಇತ್ತು. ಇಂತಹ ಕಡೆ ಊಹೆ ಮಾಡುವುದಕ್ಕಿಂತ ಮಲ್ಟಿಮೀಟರ್ ಹಿಡಿದು ವೈರಿನ ಉದ್ದಕ್ಕೂ ನಡೆಯುವುದು ಮೇಲು. ಕಂಪ್ರೆಸರ್ ಎದ್ದೇಳುವ ಗಳಿಗೆಯಲ್ಲಿ ಬ್ಯಾಟರಿಯ ಟರ್ಮಿನಲ್ಲಿನಲ್ಲಿ 13.2 ವೋಲ್ಟ್ ಇದ್ದರೆ ಫ್ರಿಜ್ಜಿನ ಸಾಕೆಟ್ಟಿನಲ್ಲಿ 11.1 ಮಾತ್ರ ಇತ್ತು. ಫ್ರಿಜ್ಜಿನ ಬ್ಯಾಟರಿ ರಕ್ಷಣೆಯ ಸೆಟ್ಟಿಂಗ್ ಕಾರಿನ ಬ್ಯಾಟರಿಗೆಂದು ಮಾಡಿದ ಮೇಲಿನ ಮಟ್ಟದಲ್ಲಿತ್ತು, ಆ ಮಟ್ಟಕ್ಕೆ ಇಷ್ಟು ಕುಸಿದರೆ ಅದು ನಿಲ್ಲುವುದು ನ್ಯಾಯವೇ. ಪ್ರಶ್ನೆಯೇನೆಂದರೆ, 2.1 ವೋಲ್ಟ್ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ?

ವೈರು 1.5 ಚದರ ಮಿ.ಮೀ.ನದು, ಮನೆಯ ಲೈಟ್ ಪಾಯಿಂಟಿಗೆ ಎಳೆಯುವಂಥದ್ದು. ಬ್ಯಾಟರಿಯಿಂದ ಫ್ರಿಜ್ಜಿಗೆ ಹೋಗಿ ಬರುವ ದಾರಿ ಸೇರಿ 12 ಮೀಟರ್. ಆ ದಪ್ಪದ ತಾಮ್ರದ ಫ್ಲೆಕ್ಸಿಬಲ್ ವೈರಿನ ಪ್ರತಿರೋಧ ಕಿಲೋಮೀಟರಿಗೆ 13.3 ಓಮ್, ಆದ್ದರಿಂದ 12 ಮೀಟರಿಗೆ 0.16 ಓಮ್, ಕಂಪ್ರೆಸರ್ ಎದ್ದೇಳುವಾಗ ಎಳೆಯುವ 8 ಆಂಪಿಯರಿಗೆ ಸುಮಾರು 1.3 ವೋಲ್ಟ್ ವೈರೇ ನುಂಗುತ್ತದೆ. 230 ವೋಲ್ಟಿನ ಮನೆಯಲ್ಲಿ ಈ ನಷ್ಟ ಗಮನಕ್ಕೂ ಬರುವುದಿಲ್ಲ, 12 ವೋಲ್ಟಿನಲ್ಲಿ ಅದು ಹತ್ತನೆಯ ಒಂದು ಭಾಗ. ಇಷ್ಟಾದರೂ ಇನ್ನೂ 0.8 ವೋಲ್ಟಿನ ಲೆಕ್ಕ ಸಿಗಬೇಕಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಫ್ಯೂಸ್ ಹೋಲ್ಡರಿನ ಎರಡು ತುದಿಗೆ ಇಟ್ಟಾಗ 0.6 ವೋಲ್ಟ್ ಅಲ್ಲೇ ಕಾಣಿಸಿತು. ಬೆರಳು ಮುಟ್ಟಿಸಿದರೆ ಸುಡುತ್ತಿತ್ತು. ಹೋಲ್ಡರನ್ನು ಬಿಚ್ಚಿದಾಗ ಒಂದು ಬದಿಯ ಪ್ಲಾಸ್ಟಿಕ್ಕು ಕಂದಿ, ಫ್ಯೂಸಿನ ಒಂದು ಹಲ್ಲಿನ ಮೇಲೆ ನೀಲಿಗಪ್ಪು ಛಾಯೆ ಹತ್ತಿತ್ತು. ವೈರಿನ ಎಳೆಗಳಲ್ಲಿ ಅರ್ಧದಷ್ಟು ಲಗ್ಗಿನ (ವೈರಿನ ತುದಿಗೆ ಅಮುಕಿ ಕೂರಿಸುವ ಲೋಹದ ತುಂಡು) ಹೊರಗೇ ಉಳಿದು, ಲಗ್ಗನ್ನು ಕ್ರಿಂಪಿಂಗ್ ಪ್ಲೈಯರ್ ಇಲ್ಲದೆ ಸಾಮಾನ್ಯ ಕಟಿಂಗ್ ಪ್ಲೈಯರಿನಲ್ಲಿ ಅಮುಕಿದ ಗುರುತು ಕಾಣುತ್ತಿತ್ತು. 0.6 ವೋಲ್ಟ್, 8 ಆಂಪಿಯರ್ ಎಂದರೆ ಸುಮಾರು 5 ವಾಟ್ ಶಾಖ ಬೆರಳಿನ ಗೆಣ್ಣಷ್ಟು ಜಾಗದಲ್ಲಿ, ಅದೂ ಪ್ಲೈವುಡ್ಡಿನ ಪಕ್ಕದಲ್ಲಿ.

ನಮ್ಮ ನಿಯಮದ ಪ್ರಕಾರ ಇದನ್ನು ಮುಂದೂಡುವಂತಿರಲಿಲ್ಲ. ಜೊತೆಯಲ್ಲಿ ತಂದಿದ್ದ ಹೊಸ ಹೋಲ್ಡರಿಗೆ ಸರಿಯಾಗಿ ಕ್ರಿಂಪ್ ಮಾಡಿದ ಲಗ್ಗುಗಳನ್ನು ಹಾಕಿ, 15 ಆಂಪಿಯರಿನ ಫ್ಯೂಸನ್ನೇ ಉಳಿಸಿ, ಬ್ಯಾಟರಿಯ ಪ್ಲಸ್ಸಿಗೆ ಒಂದು ಗೇಣಿಗಿಂತ ಹತ್ತಿರ ಕೂರಿಸಿದೆ. ಫ್ಯೂಸು ಇರುವುದು ವೈರನ್ನು ಕಾಯುವುದಕ್ಕೆ. ಬ್ಯಾಟರಿಯಿಂದ ಅದು ದೂರವಾದಷ್ಟೂ ಕಾವಲಿಲ್ಲದ ವೈರು ಉದ್ದವಾಗುತ್ತದೆ. ಲಿಥಿಯಂ ಬ್ಯಾಟರಿಗೆ ಅದರದೇ ಬಿ.ಎಂ.ಎಸ್. (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು) ರಕ್ಷಣೆ ಇರುವುದರಿಂದ ಫ್ರಿಜ್ಜಿನ ಸೆಟ್ಟಿಂಗನ್ನು ಕೆಳಮಟ್ಟಕ್ಕೆ ಇಳಿಸಿದೆ. ಅಷ್ಟರಿಂದ ಫ್ರಿಜ್ಜು ಓಡತೊಡಗಿತು, ತೆಳು ವೈರಿನ ವಿಷಯ ಪುಸ್ತಕಕ್ಕೆ ಹೋಯಿತು. ಸೋಲಾರ್ ಬಗ್ಗೆ ಒಂದು ಮಾತು: ಮಾವಿನ ಮರದ ಕೆಳಗೆ ಗಾಡಿ ತಂಪಾಗಿರುತ್ತದೆ, ಪ್ಯಾನೆಲ್ ಸುಮ್ಮನಿರುತ್ತದೆ. 45 ವಾಟ್‌ನ ಫ್ರಿಜ್ಜು ಅರ್ಧ ಹೊತ್ತಿಗಿಂತ ಸ್ವಲ್ಪ ಕಡಿಮೆ ಓಡಿದರೂ ದಿನಕ್ಕೆ ಸುಮಾರು 500 ವಾಟ್-ಅವರ್ ಬೇಕು. ಬ್ಯಾಟರಿಯಲ್ಲಿ ಇರುವುದು 1,280. ಬಿಸಿಲಿಲ್ಲದೆ ಎರಡು ದಿನದ ಮೇಲೆ ನಡೆಯದು ಎಂದು ಲೆಕ್ಕ ಹಾಕಿಕೊಂಡೇ ಜಾಗ ಆರಿಸಬೇಕು.

ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರಿನ ಪಂಪು ಆಗಾಗ ಗುರ್ ಎಂದು ಒಂದು ಕ್ಷಣ ಓಡಿ ನಿಲ್ಲುತ್ತಿತ್ತು. ನಲ್ಲಿಗಳೆಲ್ಲ ಮುಚ್ಚಿರುವಾಗ ಪಂಪು ಓಡಿತೆಂದರೆ ಪೈಪಿನ ಒತ್ತಡ ಎಲ್ಲೋ ಇಳಿಯುತ್ತಿದೆ ಎಂದೇ ಅರ್ಥ. ಪ್ರತಿ ಜೋಡಣೆಯ ಕೆಳಗೂ ಒಣ ಪತ್ರಿಕೆಯ ಚೂರು ಹಾಸಿ, ಪಂಪಿನ ಸ್ವಿಚ್ಚು ತೆಗೆದು ಮಲಗಿದೆವು. ಬೆಳಿಗ್ಗೆ ಸಿಂಕಿನಡಿಯ ಹೋಸ್ ಕ್ಲಿಪ್ಪಿನ ಕೆಳಗಿನ ಚೂರು ಮಾತ್ರ ನೆನೆದಿತ್ತು. ಕ್ಲಿಪ್ಪು ಪೈಪಿನ ತೀರ ತುದಿಯಲ್ಲಿ ಕೂತಿದ್ದರಿಂದ ಒಳಗಿನ ಮುಳ್ಳುಗಳ ಮೇಲೆ ಅದರ ಹಿಡಿತವೇ ಇರಲಿಲ್ಲ. ಅರ್ಧ ಅಂಗುಲ ಹಿಂದೆ ಸರಿಸಿ ಬಿಗಿದ ಮೇಲೆ ಪಂಪು ಮತ್ತೆ ತಾನಾಗಿ ಓಡಿಲ್ಲ.

ಅದೇ ರಾತ್ರಿ ಹನ್ನೊಂದರ ಸುಮಾರಿಗೆ ಮಳೆ ಬಂತು. ಚಿತ್ತೆ ಮಳೆ ಯಾವ ಕಡೆಯಿಂದ ಎರಚುತ್ತದೆಂದು ಹೇಳಲಾಗದು; ಗಾಳಿಯೊಡನೆ ಬೆಟ್ಟದ ದಿಕ್ಕಿನಿಂದ ಬಂದು ಎಡಮೈಗೆ ಹೊಡೆಯಿತು. ಸ್ವಲ್ಪ ಹೊತ್ತಿಗೆ ಹಿಂದಿನ ಕಿಟಕಿಯ ಎಡ ಕೆಳಮೂಲೆಯಲ್ಲಿ ಪ್ಲೈವುಡ್ಡಿನ ಅಂಚು ಕಪ್ಪಗಾಯಿತು. ಟಾರ್ಚ್ ಹಿಡಿದು ನೋಡುತ್ತಾ ಕುಳಿತೆ: ಅಂಚಿನಲ್ಲಿ ಒಂದು ಹನಿ ನಿಧಾನಕ್ಕೆ ದಪ್ಪವಾಗಿ, ತೂಗಿ, ಹಾಸಿಗೆಯ ಮೇಲೆ ಬಿತ್ತು, ಅದರ ಜಾಗದಲ್ಲೇ ಇನ್ನೊಂದು ಮೂಡತೊಡಗಿತು. ಒಂದು ಪಾತ್ರೆ ಇಟ್ಟು, ಗಂಟೆ ಬರೆದುಕೊಂಡು, ಹಾಸಿಗೆ ಸರಿಸಿದೆವು. ಬೆಳಿಗ್ಗೆ ಕಿಟಕಿಯ ಗಾಜುಗಳೆಲ್ಲ ಒಳಗಿನಿಂದಲೂ ಒದ್ದೆಯಾಗಿದ್ದವು. ಅದು ಸೋರಿಕೆಯಲ್ಲ, ಮೂವರ ಉಸಿರಿನ ಆವಿ. ಆವಿ ತಣ್ಣಗಿನ ಮೇಲ್ಮೈಯನ್ನೆಲ್ಲ ಒಂದೇ ಸಮನೆ ನೆನೆಸುತ್ತದೆ, ಸೋರಿಕೆ ಒಂದೇ ಜಾಗದಲ್ಲಿ ಗೆರೆ ಎಳೆಯುತ್ತದೆ. ಆವಿಗೆ ಮದ್ದು ರಾತ್ರಿಯಿಡೀ ಗಾಳಿಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಡುವುದು.

ಕಿಟಕಿಯ ಸುತ್ತಲಿನ ಸಿಲಿಕೋನ್ ಎಲ್ಲೂ ಬಿರಿದಿರಲಿಲ್ಲ. ಅದನ್ನು ನೋಡುತ್ತಾ ನಿಂತಿದ್ದಾಗ ಭಾವ ಕಾಫಿ ತಂದುಕೊಟ್ಟು, "ನಮ್ ಹಂಚಿನ ಮನೇಲೂ ಹಂಗೇ ಭಾವ, ನೀರ್ ಇಳಿಯೋದ್ ಒಂದ್ ಕಡೆ, ತೊಟ್ಟಿಕ್ಕೋದ್ ಇನ್ನೊಂದ್ ಕಡೆ" ಎಂದರು. ಅವರ ಮಾತೇ ದಾರಿ ತೋರಿಸಿತು. ಬೋರ್‌ವೆಲ್ ನಲ್ಲಿಗೆ ಪೈಪ್ ಸಿಕ್ಕಿಸಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂತು, ಹೊರಗಿನಿಂದ ನೀರನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಅಂತಸ್ತಾಗಿ ಹಾಯಿಸಿದೆವು. ಈ ಕ್ರಮ ತಪ್ಪಬಾರದು. ಮೇಲಿನಿಂದ ಶುರುಮಾಡಿದರೆ ನೀರು ಇಳಿಯುತ್ತಾ ಎಲ್ಲ ಸಂದುಗಳನ್ನೂ ಒಟ್ಟಿಗೆ ನೆನೆಸುತ್ತದೆ, ಯಾವುದು ಸೋರಿತೆಂದು ತಿಳಿಯುವುದಿಲ್ಲ. ಕಿಟಕಿಯ ಕೆಳಗಂಚಿಗೆ ಹತ್ತು ನಿಮಿಷ, ಪಕ್ಕದ ಅಂಚುಗಳಿಗೆ ಹತ್ತು ನಿಮಿಷ, ಮೇಲಂಚಿಗೆ ಹತ್ತು ನಿಮಿಷ. ಒಳಗೆ ಒಣಗಿಯೇ ಇತ್ತು. ಕಿಟಕಿಗಿಂತ ಎರಡಡಿ ಮೇಲೆ, ಬಿಸಿಲುತಡಿಕೆಯ ಬಟ್ಟೆ ಸಿಕ್ಕಿಸುವ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಒಳಗಿನಿಂದ "ಬಂತು" ಎಂಬ ಕೂಗು ಕೇಳಿತು. ಪಟ್ಟಿಯ ಸ್ಕ್ರೂಗಳನ್ನು ಯಾವ ಸೀಲಂಟೂ ಇಲ್ಲದೆ ಹಾಳೆಯ ಮೂಲಕ ಚೌಕಟ್ಟಿನ ಪೈಪಿನೊಳಗೆ ತಿರುಗಿಸಿದ್ದರು. ಸ್ಕ್ರೂವಿನ ಜೊತೆ ಇಳಿದ ನೀರು ಪೈಪಿನೊಳಗೆ ಹರಿದು, ಕಿಟಕಿಗೆಂದು ಪೈಪನ್ನು ಕತ್ತರಿಸಿದ ಮೂಲೆಯಲ್ಲಿ ಹೊರಬರುತ್ತಿತ್ತು. ಅಲ್ಲಿಗೆ ತಾತ್ಕಾಲಿಕವಾಗಿ ಅಲ್ಯೂಮಿನಿಯಂ ಟೇಪ್ ಮಾತ್ರ ಅಂಟಿಸಿದೆ.

ಮನೆಗೆ ಮರಳಿದ ಮೇಲೆ ಮೊದಲು ಬ್ರೇಕು. ಎರಡೂ ಚಕ್ರಗಳನ್ನು ಎತ್ತಿ, ಕೇಬಲ್ಲುಗಳನ್ನು ಪೂರ್ತಿ ಸಡಿಲಿಸಿ, ಶೂವಿನ ಅಡ್ಜಸ್ಟರನ್ನು ಚಕ್ರ ಬಿಗಿಹಿಡಿಯುವ ತನಕ ತಿರುಗಿಸಿ, ಸದ್ದು ನಿಲ್ಲುವಷ್ಟೇ ವಾಪಸು ಬಿಟ್ಟು, ಕೊನೆಗೆ ಕೇಬಲ್ಲಿನ ಸಡಿಲ ತೆಗೆದೆ. ಹ್ಯಾಂಡ್ ಬ್ರೇಕ್ ಎಳೆದಾಗ ಎರಡು ಚಕ್ರಗಳೂ ಒಂದೇ ಹಲ್ಲಿಗೆ ಹಿಡಿಯುತ್ತವೆ. ಲಾಕ್ ನಟ್ಟುಗಳ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ನಟ್ಟು ಸರಿದರೆ ಗೆರೆ ಮುರಿದು ಕಾಣುತ್ತದೆ.

ಫ್ರಿಜ್ಜಿಗೆ ಎಸ್.ಪಿ. ರಸ್ತೆಯಿಂದ ತಂದ 6 ಚದರ ಮಿ.ಮೀ.ನ ವೈರು ಎಳೆದೆ. ಅದರ ಪ್ರತಿರೋಧ ಕಿಲೋಮೀಟರಿಗೆ 3.3 ಓಮ್, ಲೆಕ್ಕದ ಪ್ರಕಾರ 8 ಆಂಪಿಯರಿಗೆ 0.32 ವೋಲ್ಟ್ ಮಾತ್ರ ಇಳಿಯಬೇಕು. ಕಂಪ್ರೆಸರ್ ಎದ್ದೇಳುವಾಗ ಸಾಕೆಟ್ಟಿನಲ್ಲಿ ಈಗ 12.7 ವೋಲ್ಟ್ ನಿಲ್ಲುತ್ತದೆ. ಸಿಗರೇಟ್ ಲೈಟರ್ ಮಾದರಿಯ ಸಾಕೆಟ್ಟನ್ನು ಕಿತ್ತು, ಕುಲುಕಾಟಕ್ಕೆ ಸಡಿಲವಾಗದ ಸ್ಕ್ರೂ ಲಾಕಿನ ಕನೆಕ್ಟರ್ ಹಾಕಿದ್ದೇನೆ. ಕಟ್ಟಿದವರೇ ಹಾಕಿದ್ದ ಉಳಿದ ಲಗ್ಗುಗಳನ್ನೂ ಒಂದೊಂದಾಗಿ ಎಳೆದು ನೋಡಿದೆ, ಕೈಗೆ ಬಂದವನ್ನೆಲ್ಲ ಹೊಸದಾಗಿ ಕ್ರಿಂಪ್ ಮಾಡಿದೆ.

ಸೋರಿಕೆಯ ಕೆಲಸಕ್ಕೆ ಅತಿ ಹೆಚ್ಚು ಸಮಯ ಹಿಡಿಯಿತು. ಪಟ್ಟಿಯನ್ನು ಪೂರ್ತಿ ಕಳಚಿ, ಅದರ ಅಂಚಿಗೆ ಬಳಿದಿದ್ದ ಸಿಲಿಕೋನನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೆಗೆದೆ. ಈ ಶ್ರಮ ಅನಿವಾರ್ಯ, ಏಕೆಂದರೆ ಹಳೆಯ ಸಿಲಿಕೋನಿನ ಪೊರೆಯ ಮೇಲೆ ಹೊಸ ಸೀಲಂಟ್ ಯಾವುದೂ ಹಿಡಿಯುವುದಿಲ್ಲ. ಪಟ್ಟಿಯ ಬೆನ್ನಿಗೆ ಬ್ಯೂಟೈಲ್ ಟೇಪ್ ಹಾಸಿ, ಪ್ರತಿ ಸ್ಕ್ರೂವನ್ನೂ ಪಾಲಿಯುರೇಥೇನ್ ಸೀಲಂಟಿನಲ್ಲಿ ಅದ್ದಿ ತಿರುಗಿಸಿದೆ. ಬ್ಯೂಟೈಲ್ ಎಂದೂ ಗಟ್ಟಿಯಾಗುವುದಿಲ್ಲ, ಗಾಡಿಯ ಮೈ ಅಲುಗಿದಂತೆ ಅದೂ ಜೊತೆಗೆ ಅಲುಗುತ್ತದೆ. ಗಟ್ಟಿಯಾಗಿ ನಿಲ್ಲುವ ಮನೆಯ ಗೋಡೆಗೂ ರಸ್ತೆಯಲ್ಲಿ ಕುಲುಕುವ ಗೋಡೆಗೂ ಬೇರೆ ಬೇರೆ ಅಂಟು ಬೇಕು. ಆಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿ, ಗಾಳಿಕಿಂಡಿಯಲ್ಲಿ ಬ್ಲೋವರ್ ಇಟ್ಟು ಒಳಗೆ ಗಾಳಿ ತುಂಬಿ, ಹೊರಮೈಗೆ ಸೋಪಿನ ನೀರು ಸಿಂಪಡಿಸಿದೆ. ದುರಸ್ತಿ ಮಾಡಿದ ಪಟ್ಟಿಯಲ್ಲಿ ಗುಳ್ಳೆ ಬರಲಿಲ್ಲ. ಬಲಬದಿಯ ಟೈಲ್ ಲ್ಯಾಂಪಿನ ವೈರು ಒಳಹೋಗುವ ರಂಧ್ರದಲ್ಲಿ ಬಂತು, ಅದಕ್ಕೆ ರಬ್ಬರ್ ಗ್ರಾಮೆಟ್ಟು ಹಾಕಿ ಸೀಲ್ ಮಾಡಿದೆ.

ಪುಸ್ತಕದಲ್ಲಿ ಉಳಿದಿರುವುದು ಟೋ ಬಾಲಿನ ಎತ್ತರ. ಸಮತಟ್ಟಾದ ಜಾಗದಲ್ಲಿ ಚಾಸಿಯ ಮುಂದಿನ ತುದಿ ಹಿಂದಿನದಕ್ಕಿಂತ 40 ಮಿ.ಮೀ. ಮೇಲಿದೆ. ಟ್ರೇಲರ್ ಮಟ್ಟವಾಗಿಯೋ ಮೂತಿ ತುಸು ತಗ್ಗಾಗಿಯೋ ಓಡಬೇಕು; ಮೂತಿ ಎತ್ತಿಕೊಂಡು ಓಡಿದರೆ ಹಿಂಬದಿ ರಸ್ತೆಯ ಉಬ್ಬಿಗೆ ತಗಲುತ್ತದೆ, ಒತ್ತಡದ ಬ್ರೇಕಿನ ದಂಡವೂ ನೇರವಾಗಿ ಒಳಸರಿಯುವುದಿಲ್ಲ. ಬಾಲನ್ನು ಕೆಳಗಿಳಿಸುವ ತಟ್ಟೆಯನ್ನು ಪೀಣ್ಯದಲ್ಲಿ ಕತ್ತರಿಸಲು ಕೊಟ್ಟಿದ್ದೇನೆ, 8.8 ದರ್ಜೆಯ ಬೋಲ್ಟುಗಳು ಜೆ.ಸಿ. ರಸ್ತೆಯಿಂದ ಬಂದಿವೆ. ತಟ್ಟೆ ಕೂತ ಮೇಲೆ ಮೂತಿಯ ಭಾರವನ್ನು ಮತ್ತೊಮ್ಮೆ ತೂಗಬೇಕು, ಇಳಿಜಾರಿನಲ್ಲಿ ಬ್ರೇಕ್ ಪರೀಕ್ಷಿಸಬೇಕು. ಸಕಲೇಶಪುರದ ಮಾತು ಆಮೇಲೆ.